ಸಿಮ್‌ಎವಿಆರ್‌ನಲ್ಲಿ ಕಾಲ 16 ಪಟ್ಟು ಹಿಗ್ಗುತ್ತಿದೆ: ಕಮಾಂಡ್ ಲೈನ್‌ನಲ್ಲಿ ಯಾವ ಆಯ್ಕೆ ಬಿಟ್ಟುಹೋಗಿದೆ?

ಎಂಟುಬಿಟ್ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಎಟಿಮೆಗಾ328ಪಿ ಚಿಪ್‌ಗಾಗಿ ಬರೆದ ಒಂದು ಚಿಕ್ಕ ಫರ್ಮ್‌ವೇರನ್ನು ಬೋರ್ಡಿಗೆ ಹಾಕುವ ಮೊದಲು, ಎವಿಆರ್ ಚಿಪ್‌ಗಳನ್ನು ಕಂಪ್ಯೂಟರಿನಲ್ಲೇ ಅನುಕರಿಸುವ ಸಿಮ್‌ಎವಿಆರ್ ಎಂಬ ಸಿಮ್ಯುಲೇಟರಿನಲ್ಲಿ ಓಡಿಸಿ ನೋಡುವ ಅಭ್ಯಾಸವನ್ನು ಈಚೆಗೆ ಮಾಡಿಕೊಂಡಿದ್ದೇನೆ. ಮೊದಲು ಹೆಕ್ಸ್ ಫೈಲನ್ನೇ (ಚಿಪ್‌ಗೆ ಹಾಕುವ ಬೈಟುಗಳ ಪಠ್ಯರೂಪ) ಕೊಡುತ್ತಿದ್ದೆ. ಆಗ -ಎಂ ಜೊತೆ ಚಿಪ್‌ನ ಹೆಸರು, -ಎಫ್ ಜೊತೆ ಗಡಿಯಾರದ ವೇಗ 16000000 ಎರಡನ್ನೂ ಕೊಡದಿದ್ದರೆ ಅದು ಓಡಲು ಒಪ್ಪುತ್ತಲೇ ಇರಲಿಲ್ಲ. ಡಿಬಗ್ ಮಾಡಲು ಅನುಕೂಲವಾಗಲಿ ಎಂದು ಕಳೆದ ವಾರದಿಂದ ಇಎಲ್‌ಎಫ್ ಫೈಲ್ (ಕೋಡಿನ ಜೊತೆ ಡಿಬಗ್ ಮಾಹಿತಿಯೂ ಇರುವ ಫೈಲ್) ಕೊಡಲು ಆರಂಭಿಸಿದೆ. ಯಾವ ಆಯ್ಕೆಯನ್ನೂ ಕೊಡದೆ ಓಡಿಸಿದಾಗ ಚಿಪ್ ಗೊತ್ತಿಲ್ಲ ಎಂಬ ಸಂದೇಶ ಬಂತು. ಆ ಸಂದೇಶದಲ್ಲಿ ಚಿಪ್‌ನ ಹೆಸರು ಇರಬೇಕಾದ ಉದ್ಧರಣ ಚಿಹ್ನೆಗಳ ನಡುವೆ ಏನೂ ಇರಲಿಲ್ಲ. ಹಾಗಾಗಿ -ಎಂ ಸೇರಿಸಿದೆ, ಓಡಿತು, ಸೀರಿಯಲ್ ಪಠ್ಯವೂ ಟರ್ಮಿನಲ್‌ನಲ್ಲಿ ಸರಿಯಾಗಿಯೇ ಬಂತು.

ತೊಂದರೆ ಕಂಡದ್ದು ವಿಸಿಡಿ ಫೈಲನ್ನು (ಪಿನ್‌ಗಳು ಯಾವಾಗ ಬದಲಾದವು ಎಂಬ ದಾಖಲೆ) ಅಲೆಯ ಚಿತ್ರ ತೋರಿಸುವ ಜಿಟಿಕೆವೇವ್‌ನಲ್ಲಿ ತೆರೆದಾಗ. ಪೋರ್ಟ್ ಬಿ ಐದನೆಯ ಪಿನ್‌ನಲ್ಲಿರುವ ಎಲ್‌ಇಡಿಯನ್ನು 500 ಮಿಲಿಸೆಕೆಂಡಿಗೊಮ್ಮೆ ಹೊತ್ತಿಸಿ ಆರಿಸುವಂತೆ ಬರೆದಿದ್ದೇನೆ, ಆದರೆ ಚಿತ್ರದಲ್ಲಿ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ 8 ಸೆಕೆಂಡು ತೋರಿಸುತ್ತಿದೆ. ಫರ್ಮ್‌ವೇರ್ ಬದಲಾಗಿಲ್ಲ, ಕಂಪೈಲರ್ ಬದಲಾಗಿಲ್ಲ, ಬೋರ್ಡಿನಲ್ಲಿ ಇದೇ ಕೋಡ್ ಅರ್ಧ ಸೆಕೆಂಡಿಗೆ ಸರಿಯಾಗಿ ಮಿನುಗುತ್ತಿದೆ. ಇಎಲ್‌ಎಫ್ ಫೈಲಿನಲ್ಲಿ ಎಲ್ಲ ಮಾಹಿತಿಯೂ ಅಡಗಿರುತ್ತದೆ ಎಂದು ಭಾವಿಸಿದ್ದೇ ತಪ್ಪೇ?

ಒಂದು ಸೂಚನೆ: ಆಯ್ಕೆಗಳ ಅಕ್ಷರಗಳನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವು ಇಂಗ್ಲಿಷಿನ ಚಿಕ್ಕಕ್ಷರಗಳೇ. ದೊಡ್ಡಕ್ಷರ ಬೇಕಾದಲ್ಲಿ ಹಾಗೆಂದು ಬಿಡಿಸಿ ಹೇಳಿದರೆ ನನ್ನಂಥವರಿಗೆ ಉಪಕಾರವಾಗುತ್ತದೆ.

ಗಡಿಯಾರಮುಳ್ಳು ಬರೆದದ್ದು:

ನಿಮ್ಮ ಪ್ರಶ್ನೆಯಲ್ಲೇ ಉತ್ತರ ಅರ್ಧ ಇದೆ. 500 ಮಿಲಿಸೆಕೆಂಡು 8 ಸೆಕೆಂಡಾಗಿದೆ ಎಂದರೆ ಸರಿಯಾಗಿ 16 ಪಟ್ಟು. ನೀವು 16 ಮೆಗಾಹರ್ಟ್ಸ್‌ಗೆ ಕಂಪೈಲ್ ಮಾಡಿದ್ದೀರಿ, ಸಿಮ್ಯುಲೇಟರ್ 1 ಮೆಗಾಹರ್ಟ್ಸ್ ಎಂದುಕೊಂಡು ಲೆಕ್ಕ ಹಾಕುತ್ತಿದೆ.

ಸಾಮಾನ್ಯ ರೀತಿಯಲ್ಲಿ ಕಟ್ಟಿದ ಇಎಲ್‌ಎಫ್ ಫೈಲಿನಲ್ಲಿ ಗಡಿಯಾರದ ವೇಗ ಎಲ್ಲಿಯೂ ದಾಖಲಾಗಿರುವುದಿಲ್ಲ. ನೀವು ಕಂಪೈಲರ್‌ಗೆ ಕೊಟ್ಟ ಎಫ್‌ಸಿಪಿಯು ಎಂಬ ಸ್ಥಿರಾಂಕ ವಿಳಂಬದ ಫಂಕ್ಷನ್ನಿನೊಳಗೆ ಎಣಿಕೆಯಾಗಿ ಕರಗಿಹೋಗಿರುತ್ತದೆ. ಅರ್ಧ ಸೆಕೆಂಡಿನ ವಿಳಂಬ ಎಂದರೆ ನಿಮ್ಮ ಬೈನರಿಯಲ್ಲಿ ಉಳಿಯುವುದು ಸುಮಾರು 80 ಲಕ್ಷ ಸೈಕಲ್‌ಗಳ ಒಂದು ಸುತ್ತು ಮಾತ್ರ. ಆ ಸುತ್ತನ್ನು ಸಿಮ್‌ಎವಿಆರ್ ತಪ್ಪದೆ ಎಣಿಸಿದೆ. ಆದರೆ ಒಂದು ಸೈಕಲ್‌ಗೆ 62.5 ನ್ಯಾನೋಸೆಕೆಂಡಿನ ಬದಲು 1000 ನ್ಯಾನೋಸೆಕೆಂಡು ಎಂದು ಹಿಡಿದು ವಿಸಿಡಿಯಲ್ಲಿ ಬರೆದಿದೆ. ಹೆಕ್ಸ್ ಫೈಲ್ ಕೊಟ್ಟಾಗ ವೇಗವನ್ನು ಕೇಳಿ ಪಡೆಯುವ ಇದೇ ಪ್ರೋಗ್ರಾಂ ಇಎಲ್‌ಎಫ್ ಕೊಟ್ಟಾಗ ಕೇಳುವುದಿಲ್ಲ, ಬಾಯಿಮುಚ್ಚಿಕೊಂಡು 1 ಮೆಗಾಹರ್ಟ್ಸ್ ಇಟ್ಟುಕೊಳ್ಳುತ್ತದೆ. ಇದು ನನಗೆ ಸರಿ ಎನಿಸದ ನಡವಳಿಕೆ. ಕಡೇಪಕ್ಷ ಒಂದು ಎಚ್ಚರಿಕೆಯ ಸಾಲನ್ನಾದರೂ ಮುದ್ರಿಸಬಹುದಿತ್ತು.

-ಎಫ್ 16000000 ಸೇರಿಸಿ ಮತ್ತೊಮ್ಮೆ ಓಡಿಸಿ ನೋಡಿ.

ಎಂಟುಬಿಟ್ ಬರೆದದ್ದು:

ಸೇರಿಸಿದೆ, ಸರಿಹೋಯಿತು, ತುಂಬ ಧನ್ಯವಾದಗಳು. ಆದರೆ ಒಂದು ಅನುಮಾನ ಉಳಿದಿದೆ. ವೇಗ ತಪ್ಪಿದ್ದರೆ ಸೀರಿಯಲ್ ಪಠ್ಯ ಕಲಸುಮೇಲೋಗರವಾಗಬೇಕಿತ್ತಲ್ಲವೇ? ಬೋರ್ಡಿನಲ್ಲಿ ಕ್ರಿಸ್ಟಲ್ ತಪ್ಪು ಹಾಕಿದಾಗ ನಾನು ನೋಡಿರುವುದು ಅದನ್ನೇ. ಪಠ್ಯ ಸ್ಪಷ್ಟವಾಗಿ ಬಂದದ್ದರಿಂದಲೇ ನಾನು ಗಡಿಯಾರದ ಮೇಲೆ ಅನುಮಾನ ಪಡದೆ ಎರಡು ದಿನ ಟೈಮರ್ ರಿಜಿಸ್ಟರ್‌ಗಳ ಬೆನ್ನು ಹತ್ತಿದ್ದೆ.

ಗಡಿಯಾರಮುಳ್ಳು ಬರೆದದ್ದು:

ಒಳ್ಳೆಯ ಪ್ರಶ್ನೆ, ಬಹಳ ಜನ ಎಡವುವುದು ಇಲ್ಲೇ. ಬೋರ್ಡಿನಲ್ಲಿ ಸೀರಿಯಲ್ ಎಂದರೆ ತಂತಿಯ ಮೇಲೆ ಏರಿಳಿಯುವ ವೋಲ್ಟೇಜು. ಆಚೆ ಬದಿಯವನು ತನ್ನ ಗಡಿಯಾರದಿಂದ ಅದನ್ನು ಅಳೆಯುತ್ತಾನೆ, ಅಳತೆ ತಪ್ಪಿದರೆ ಅಕ್ಷರ ತಪ್ಪುತ್ತದೆ. ಸಿಮ್‌ಎವಿಆರ್ ತಂತಿಯನ್ನು ನಟಿಸುವುದಿಲ್ಲ. ನಿಮ್ಮ ಕೋಡ್ ಡೇಟಾ ರಿಜಿಸ್ಟರ್‌ಗೆ ಬರೆದ ಬೈಟನ್ನು ಇಡಿಯಾಗಿ ಎತ್ತಿ ಟರ್ಮಿನಲ್‌ಗೆ ಕೊಡುತ್ತದೆ. ಆದ್ದರಿಂದ ಬಾಡ್ ದರ (ಸೀರಿಯಲ್ ಬಿಟ್‌ಗಳು ಹೋಗುವ ವೇಗ) ಎಷ್ಟೇ ಕೆಟ್ಟಿದ್ದರೂ ಅಕ್ಷರ ಕೆಡುವುದಿಲ್ಲ, ಬೈಟ್ ಬೈಟಿನ ನಡುವಿನ ಅಂತರ ಮಾತ್ರ ಹಿಗ್ಗುತ್ತದೆ.

ಲೆಕ್ಕ ನೋಡಿ. 9600 ಬಾಡ್‌ಗಾಗಿ ನೀವು ಬಾಡ್ ರಿಜಿಸ್ಟರ್‌ನಲ್ಲಿ 103 ಇಟ್ಟಿರುತ್ತೀರಿ. 16 ಮೆಗಾಹರ್ಟ್ಸ್ ಅನ್ನು 16 ಮತ್ತು 104ರ ಗುಣಲಬ್ಧದಿಂದ ಭಾಗಿಸಿದರೆ ಸುಮಾರು 9615 ಬರುತ್ತದೆ. ಅದೇ 1 ಮೆಗಾಹರ್ಟ್ಸ್ ಅನ್ನು ಭಾಗಿಸಿದರೆ ಸುಮಾರು 601. ನಿಮ್ಮ ಚಿಪ್ ಸಿಮ್ಯುಲೇಟರಿನೊಳಗೆ 601 ಬಾಡ್‌ನಲ್ಲಿ ತೆವಳುತ್ತಿತ್ತು, ಆದರೂ ಟರ್ಮಿನಲ್‌ನಲ್ಲಿ ಎಲ್ಲವೂ ಅಂದವಾಗಿ ಕಾಣುತ್ತಿತ್ತು. -ವಿ ಆಯ್ಕೆಯನ್ನು ಎರಡು ಮೂರು ಬಾರಿ ಕೊಟ್ಟು ಮಾತುಗಾರಿಕೆಯ ಮಟ್ಟವನ್ನು ಏರಿಸಿದರೆ, ಯುಎಆರ್‌ಟಿ (ಚಿಪ್‌ನ ಸೀರಿಯಲ್ ಘಟಕ) ಯಾವ ದರಕ್ಕೆ ಹೊಂದಿಕೊಂಡಿದೆ ಎಂಬ ಸಾಲನ್ನೂ ಅದು ಮುದ್ರಿಸುತ್ತದೆ. ಹೊಸ ಯೋಜನೆಯನ್ನು ಮೊದಲ ಬಾರಿ ಓಡಿಸುವಾಗ ನಾನು ನೋಡುವುದು ಆ ಸಾಲನ್ನೇ.

ಪ್ರತಿ ಬಾರಿಯೂ -ಎಂ ಮತ್ತು -ಎಫ್ ಟೈಪಿಸುವುದರಿಂದ ತಪ್ಪಿಸಿಕೊಳ್ಳಬೇಕಾದರೆ ಸಿಮ್‌ಎವಿಆರ್ ಜೊತೆ ಬರುವ ಹೆಡರ್ ಫೈಲೊಂದಿದೆ. ಅದರಲ್ಲಿರುವ ಎವಿಆರ್‌ಎಂಸಿಯು ಎಂಬ ಮ್ಯಾಕ್ರೋಗೆ ವೇಗವನ್ನೂ ಚಿಪ್‌ನ ಹೆಸರನ್ನೂ ಕೊಟ್ಟರೆ, ಇಎಲ್‌ಎಫ್ ಫೈಲಿನಲ್ಲಿ ಎಂಎಂಸಿಯು ಎಂಬ ಪ್ರತ್ಯೇಕ ಸೆಕ್ಷನ್ ಹುಟ್ಟಿ ಎರಡೂ ಅದರಲ್ಲಿ ಕೂರುತ್ತವೆ. ಆ ಸೆಕ್ಷನ್ನನ್ನು ಯಾವ ಕೋಡೂ ಬಳಸದಿರುವುದರಿಂದ ಲಿಂಕರ್ ಅದನ್ನು ಕಸವೆಂದು ಗುಡಿಸಿಹಾಕಬಹುದು, ಹಾಗಾಗದಂತೆ ಎಂಎಂಸಿಯು ಚಿಹ್ನೆ ಬೇಕೇ ಬೇಕು ಎಂದು ಲಿಂಕರ್‌ಗೆ ಅನ್‌ಡಿಫೈನ್ಡ್ ಆಯ್ಕೆಯ ಮೂಲಕ ತಿಳಿಸಬೇಕು. ಸೆಕ್ಷನ್ನಿನಲ್ಲಿ ಒಂದು ವೇಗ, ಕಮಾಂಡ್ ಲೈನ್‌ನಲ್ಲಿ ಇನ್ನೊಂದು ವೇಗ ಇದ್ದರೆ ಕಮಾಂಡ್ ಲೈನ್‌ನದೇ ಗೆಲ್ಲುತ್ತದೆ.

ಹಳೆತಂತಿ ಬರೆದದ್ದು:

ಎಂಟುಬಿಟ್ ಅವರ ತೊಂದರೆ ಬಗೆಹರಿದದ್ದು ಸಂತೋಷ. ಆದರೆ ಈ ಒಂದಕ್ಷರದ ಆಯ್ಕೆಗಳ ಬಗ್ಗೆ ನನಗೊಂದು ಹಳೆಯ ಸಿಟ್ಟಿದೆ, ಅದನ್ನು ಇಲ್ಲಿ ದಾಖಲಿಸಿಬಿಡುತ್ತೇನೆ.

ನಾನು ಬಹುಕಾಲ ಸಿಮುಲ್‌ಎವಿಆರ್ ಬಳಸಿದವನು. ಹೆಸರು ಹತ್ತಿರವಾದರೂ ಅದು ಬೇರೆಯೇ ಪ್ರೋಗ್ರಾಂ. ಸಿಮ್‌ಎವಿಆರ್‌ನಲ್ಲಿ -ಎಫ್ ಎಂದರೆ ವೇಗ, ಸಿಮುಲ್‌ಎವಿಆರ್‌ನಲ್ಲಿ ಚಿಕ್ಕ -ಎಫ್ ಎಂದರೆ ಓಡಿಸಬೇಕಾದ ಫೈಲು, ವೇಗಕ್ಕೆ ದೊಡ್ಡಕ್ಷರದ -ಎಫ್. ಅಲ್ಲಿ (ಸಿಮ್‌ಎವಿಆರ್‌ನಲ್ಲಿ) ಚಿಪ್‌ಗೆ -ಎಂ, ಇಲ್ಲಿ (ಸಿಮುಲ್‌ಎವಿಆರ್‌ನಲ್ಲಿ) ಚಿಪ್‌ಗೆ -ಡಿ. ಅಲ್ಲಿ -ಟಿ ಎಂದರೆ ಟ್ರೇಸ್ ಶುರುಮಾಡು ಎಂದಷ್ಟೇ, ಮುಂದೆ ಏನೂ ಬೇಕಿಲ್ಲ. ಇಲ್ಲಿ ಚಿಕ್ಕ -ಟಿ ಮುಂದೆ ಟ್ರೇಸ್ ಬರೆಯಬೇಕಾದ ಫೈಲಿನ ಹೆಸರು ಇರಲೇಬೇಕು, ದೊಡ್ಡಕ್ಷರದ -ಟಿ ಮುಂದೆ ಕೊಟ್ಟ ಲೇಬಲ್ಲಿಗೆ ಪ್ರೋಗ್ರಾಂ ಕೌಂಟರ್ ತಲುಪಿದೊಡನೆ ಓಟ ನಿಲ್ಲುತ್ತದೆ. ಡಿಬಗರ್ ಕಾಯುವ ಪೋರ್ಟ್ ಅಲ್ಲಿ 1234, ಇಲ್ಲಿ 1212. ವೇಗ ಹೇಳದಿದ್ದರೆ ಅದು 1 ಮೆಗಾಹರ್ಟ್ಸ್ ಎಂದುಕೊಂಡರೆ ಇದು 4 ಮೆಗಾಹರ್ಟ್ಸ್ ಎಂದುಕೊಳ್ಳುತ್ತದೆ.

ಇನ್ನು ಚಿಕ್ಕ -ಎಂ. ಸಿಮುಲ್‌ಎವಿಆರ್‌ನಲ್ಲಿ ಅದು ಹೆಚ್ಚೆಂದರೆ ಎಷ್ಟು ಕಾಲ ಓಡಬೇಕು ಎಂಬುದನ್ನು ಹೇಳುತ್ತದೆ, ಮಾನ ನ್ಯಾನೋಸೆಕೆಂಡು. ಇದರಲ್ಲಿ ನನಗಾದ ಅವಮಾನವನ್ನು ಹೇಳಿಕೊಳ್ಳುತ್ತೇನೆ. ಒಂದು ಪರೀಕ್ಷೆ 5 ಸೆಕೆಂಡು ಓಡಿದರೆ ಸಾಕು ಎಂದುಕೊಂಡು, ಮಿಲಿಸೆಕೆಂಡಿನ ಗುಂಗಿನಲ್ಲಿ, 5000 ಎಂದು ಬರೆದಿದ್ದೆ. ಪರೀಕ್ಷೆಯ ಸ್ಕ್ರಿಪ್ಟ್ ಔಟ್‌ಪುಟ್‌ನಲ್ಲಿ ವಿಫಲ ಎಂಬ ಪದ ಇದೆಯೇ ಎಂದು ಹುಡುಕುತ್ತಿತ್ತು, ಇಲ್ಲದಿದ್ದರೆ ಪಾಸು. ಮೂರು ತಿಂಗಳು ಎಲ್ಲ ಪರೀಕ್ಷೆಗಳೂ ಪಾಸಾದವು. ಒಂದು ದಿನ ಬೇಕೆಂದೇ ಕೋಡ್ ಕೆಡಿಸಿದೆ, ಆಗಲೂ ಪಾಸಾಯಿತು. 5000 ನ್ಯಾನೋಸೆಕೆಂಡು ಎಂದರೆ 16 ಮೆಗಾಹರ್ಟ್ಸ್‌ನಲ್ಲಿ ಬರೀ 80 ಸೈಕಲ್. ಡೇಟಾ ಸೆಕ್ಷನ್ನನ್ನು ರ‍್ಯಾಮ್‌ಗೆ ನಕಲಿಸುವ ಆರಂಭಿಕ ಕೋಡೇ ಮುಗಿದಿರುತ್ತಿರಲಿಲ್ಲ, ಮೇನ್ ಫಂಕ್ಷನ್ನಿನ ಬಾಗಿಲನ್ನು ಅದು ಒಮ್ಮೆಯೂ ತಟ್ಟಿರಲಿಲ್ಲ. ಅಂದಿನಿಂದ ಎರಡು ನಿಯಮ ಪಾಲಿಸುತ್ತೇನೆ. ಸ್ಕ್ರಿಪ್ಟ್‌ನಲ್ಲಿ ಬರೆಯುವಾಗ ಯಾವಾಗಲೂ ಉದ್ದ ಹೆಸರಿನ ಆಯ್ಕೆಯನ್ನೇ ಬಳಸುತ್ತೇನೆ: ಎರಡು ಹೈಫನ್ ಹಾಕಿ ಡಿವೈಸ್, ಫೈಲ್, ಸಿಪಿಯು ಫ್ರೀಕ್ವೆನ್ಸಿ ಎಂದು ಪೂರ್ತಿಯಾಗಿ. ಮತ್ತು ಔಟ್‌ಪುಟ್‌ನಲ್ಲಿ ಸೋಲಿನ ಪದ ಇಲ್ಲವೆಂಬುದನ್ನಲ್ಲ, ಗೆಲುವಿನ ಪದ ಇದೆಯೆಂಬುದನ್ನು ಹುಡುಕುತ್ತೇನೆ.

ಓದುಗ51 ಬರೆದದ್ದು:

ಹಳೆತಂತಿ ಸರ್ ಹೇಳಿದ ಪಟ್ಟಿಗೆ 8051 ಎಂಬ ಬೇರೆ ಬಗೆಯ ಚಿಪ್‌ಗಳ ಬದಿಯಿಂದ ಒಂದನ್ನು ಸೇರಿಸುತ್ತೇನೆ. ಎಸ್‌ಡಿಸಿಸಿ ಕಂಪೈಲರ್ ಜೊತೆ ಬರುವ ಎಸ್51 ಸಿಮ್ಯುಲೇಟರ್‌ನಲ್ಲಿ -ಟಿ ಎಂದರೆ ಚಿಪ್‌ನ ಬಗೆ, ದೊಡ್ಡಕ್ಷರದ -ಎಕ್ಸ್ ಎಂದರೆ ಕ್ರಿಸ್ಟಲ್‌ನ ವೇಗ, ದೊಡ್ಡಕ್ಷರದ -ಎಸ್ ಎಂದರೆ ಸೀರಿಯಲ್‌ನ ಒಳಬರುವ ಮತ್ತು ಹೊರಹೋಗುವ ಫೈಲುಗಳು. ಹೀಗೆ -ಟಿ ಎಂಬ ಒಂದೇ ಅಕ್ಷರಕ್ಕೆ ಮೂರು ಸಿಮ್ಯುಲೇಟರುಗಳಲ್ಲಿ ಮೂರು ಅರ್ಥ.

ಇದು ವೇಗ ಹೇಳದಿದ್ದರೆ 11.0592 ಮೆಗಾಹರ್ಟ್ಸ್ ಹಿಡಿಯುತ್ತದೆ. ಆ ವಿಚಿತ್ರ ಸಂಖ್ಯೆ ಸೀರಿಯಲ್‌ಗಾಗಿಯೇ ಹುಟ್ಟಿದ್ದು: 12 ರಿಂದ ಭಾಗಿಸಿದರೆ ಸೆಕೆಂಡಿಗೆ 921600 ಮಷೀನ್ ಸೈಕಲ್, ಅದನ್ನು 32 ರಿಂದಲೂ ಬಳಿಕ 3 ರಿಂದಲೂ ಭಾಗಿಸಿದರೆ ಚೂರೂ ಉಳಿಯದೆ 9600. ಬಹುತೇಕ 8051 ಬೋರ್ಡುಗಳಲ್ಲಿ ಇದೇ ಕ್ರಿಸ್ಟಲ್ ಇರುವುದರಿಂದ ವೇಗ ಹೇಳುವುದನ್ನು ಮರೆತವರಿಗೂ ಎಸ್51 ಕೈಕೊಡುವುದು ಕಡಿಮೆ. 12 ಮೆಗಾಹರ್ಟ್ಸ್ ಬೋರ್ಡಿದ್ದವರು ಮಾತ್ರ ಮರೆಯದೆ ದೊಡ್ಡ -ಎಕ್ಸ್ ಕೊಡಬೇಕು.

ರಾತ್ರಿಪಾಳಿ ಬರೆದದ್ದು:

ನಾನು ಸಿಮ್‌ಎವಿಆರನ್ನು ಕೈಯಿಂದ ಓಡಿಸುವುದು ಕಡಿಮೆ. ಪ್ರತಿ ರಾತ್ರಿ ಸ್ಕ್ರಿಪ್ಟ್ ಮೂಲಕ ನೂರಾರು ಪರೀಕ್ಷೆಗಳನ್ನು ಓಡಿಸುತ್ತೇನೆ. ಅಲ್ಲಿ ಎದುರಾಗುವ ದೊಡ್ಡ ಪ್ರಶ್ನೆ ಆರಂಭಿಸುವುದು ಹೇಗೆ ಎಂಬುದಲ್ಲ, ನಿಲ್ಲಿಸುವುದು ಹೇಗೆ ಎಂಬುದು. ಫರ್ಮ್‌ವೇರ್ ಎಂದರೆ ಮುಗಿಯದ ಸುತ್ತು. ಸಿಮ್‌ಎವಿಆರ್‌ನಲ್ಲಿ ಸಿಮುಲ್‌ಎವಿಆರ್‌ನ ಹಾಗೆ ಕಾಲಮಿತಿಯ ಆಯ್ಕೆ ಇಲ್ಲ.

ಮರ್ಯಾದೆಯ ದಾರಿ ಒಂದಿದೆ. ಪರೀಕ್ಷೆ ಮುಗಿದ ಮೇಲೆ ಫರ್ಮ್‌ವೇರ್ ತಾನೇ ಇಂಟರಪ್ಟ್‌ಗಳನ್ನು ಮುಚ್ಚಿ ಸ್ಲೀಪ್ ಆದೇಶ ಕೊಡಬೇಕು. ಇಂಟರಪ್ಟ್ ಇಲ್ಲದೆ ಮಲಗಿದ ಚಿಪ್ಪನ್ನು ಎಬ್ಬಿಸುವವರು ಯಾರೂ ಇಲ್ಲ ಎಂದು ತಿಳಿದ ಸಿಮ್‌ಎವಿಆರ್, ಹಾಗೆಂದು ಒಂದು ಸಾಲು ಮುದ್ರಿಸಿ, ವಿಸಿಡಿ ಫೈಲನ್ನು ಮುಚ್ಚಿ ಹೊರಬರುತ್ತದೆ. ನನ್ನ ಪರೀಕ್ಷೆಗಳೆಲ್ಲ ಹೀಗೆಯೇ ಮುಗಿಯುತ್ತವೆ.

ಆದರೆ ಫರ್ಮ್‌ವೇರ್ ಆ ಹಂತಕ್ಕೆ ತಲುಪದೆಯೇ ಸತ್ತರೆ? ಇಲ್ಲೊಂದು ಹಳ್ಳವಿದೆ. ಕೋಡ್ ಇಲ್ಲದ ವಿಳಾಸಕ್ಕೆ ಹಾರಿ ಕೆಟ್ಟಾಗ, ನಾನು ಬಳಸುವ ಆವೃತ್ತಿ ದುಃಖದಿಂದ ಸತ್ತೆ ಎಂಬರ್ಥದ ಸಂದೇಶ ಕೊಟ್ಟು, ನಾವು ಡಿಬಗರ್ ಬೇಕೆನ್ನುವ -ಜಿ ಆಯ್ಕೆ ಕೊಟ್ಟಿರದಿದ್ದರೂ 1234ನೆಯ ಪೋರ್ಟ್ ತೆರೆದು, ಯಾರಾದರೂ ಡಿಬಗರ್ ಹಿಡಿದು ಬಂದಾರೆಂದು ಕಾಯುತ್ತ ಕೂರುತ್ತದೆ. ಮನುಷ್ಯ ಎದುರಿಗಿದ್ದರೆ ಇದು ಬಹಳ ಒಳ್ಳೆಯ ಗುಣ, ಸತ್ತ ಜಾಗದಲ್ಲೇ ರಿಜಿಸ್ಟರ್‌ಗಳನ್ನು ನೋಡಬಹುದು. ನಡುರಾತ್ರಿ ಸ್ಕ್ರಿಪ್ಟ್ ಓಡುತ್ತಿರುವಾಗ ಮಾತ್ರ ಬೆಳಗಿನ ತನಕ ಹೂಡಿದ ಠಿಕಾಣಿ. ಆದ್ದರಿಂದ ಇಡೀ ಕಮಾಂಡಿನ ಮುಂದೆ ಟೈಮ್‌ಔಟ್ ಎಂಬ ಲಿನಕ್ಸ್ ಕಮಾಂಡನ್ನು ಸೆಕೆಂಡುಗಳ ಸಮೇತ ಇಡುತ್ತೇನೆ. ಅವಧಿ ಮೀರಿದರೆ ಅದು 124 ಎಂಬ ಸಂಕೇತ ಹಿಂದಿರುಗಿಸುತ್ತದೆ. ಮಾಮೂಲಿಯಾಗಿ ಅದು ಕಳಿಸುವುದು ಟರ್ಮ್ ಸಿಗ್ನಲ್. ಅದನ್ನು ಹಿಡಿದುಕೊಳ್ಳುವ ಸಿಮ್‌ಎವಿಆರ್ ಶಿಸ್ತಾಗಿ ಹೊರಬರುತ್ತದೆ, ವಿಸಿಡಿಯೂ ಉಳಿಯುತ್ತದೆ. ಅವಸರಪಟ್ಟು ಕಿಲ್ ಸಿಗ್ನಲ್ ಕಳಿಸಿದರೆ ಬಫರ್‌ನಲ್ಲಿದ್ದ ಕೊನೆಯ ಭಾಗ ಹೋಗುತ್ತದೆ, ನಮಗೆ ಬೇಕಾದದ್ದು ಸಾಮಾನ್ಯವಾಗಿ ಆ ಕೊನೆಯ ಭಾಗವೇ.

ಸಿಮ್‌ಎವಿಆರ್‌ನ ಸ್ವಂತ ನಿರ್ಗಮನ ಸಂಕೇತವನ್ನು ಪಾಸು ನಪಾಸಿಗೆ ನೆಚ್ಚಬೇಡಿ. ಹಳೆತಂತಿ ಅವರು ಹೇಳಿದಂತೆ ಗೆಲುವಿನ ಪದವನ್ನೇ ಹುಡುಕಿ. ಹುಡುಕುವಾಗಲೂ ಒಂದು ಎಚ್ಚರ ಬೇಕು: ಸೀರಿಯಲ್ ಸಾಲುಗಳನ್ನು ಅದು ಹಸಿರು ಬಣ್ಣದ ಸಂಕೇತಗಳೊಡನೆ ಮುದ್ರಿಸುತ್ತದೆ, ಮುದ್ರಿಸಲಾಗದ ಅಕ್ಷರಗಳ ಜಾಗದಲ್ಲಿ ಚುಕ್ಕಿ ಇಡುತ್ತದೆ. ಹಾಗಾಗಿ ಕ್ಯಾರೇಜ್ ರಿಟರ್ನ್ ಮತ್ತು ನ್ಯೂಲೈನ್ ಎರಡನ್ನೂ ಕಳಿಸುವ ಫರ್ಮ್‌ವೇರ್‌ನಲ್ಲಿ ಪ್ರತಿ ಸಾಲಿನ ಕೊನೆಗೂ ಎರಡು ಚುಕ್ಕಿ ಬೀಳುತ್ತದೆ. ಸಾಲಿನ ಆರಂಭ, ಅಂತ್ಯವನ್ನು ಬಿಗಿಯಾಗಿ ಹೊಂದಿಸುವ ಗ್ರೆಪ್ ವಿನ್ಯಾಸ ಎಂದಿಗೂ ಸಿಗುವುದಿಲ್ಲ, ಪದವನ್ನಷ್ಟೇ ಹುಡುಕಬೇಕು.

ಎಂಟುಬಿಟ್ ಬರೆದದ್ದು:

ರಾತ್ರಿಪಾಳಿ ಅವರೇ, ಆ ಎರಡು ಚುಕ್ಕಿಗಳನ್ನು ನಾನು ನನ್ನ ಕೋಡಿನ ದೋಷವೆಂದೇ ತಿಳಿದಿದ್ದೆ. ಟೈಮ್‌ಔಟ್‌ಗೆ ಕೊಡುವ ಸೆಕೆಂಡೂ ಫರ್ಮ್‌ವೇರಿನೊಳಗಿನ ಸೆಕೆಂಡೂ ಒಂದೇ ಏನು? ನನ್ನ ಪರೀಕ್ಷೆ ಚಿಪ್‌ನ ಲೆಕ್ಕದಲ್ಲಿ 30 ಸೆಕೆಂಡು ನಡೆಯಬೇಕು.

ರಾತ್ರಿಪಾಳಿ ಬರೆದದ್ದು:

ಒಂದೇ ಅಲ್ಲ. ಟೈಮ್‌ಔಟ್ ಎಣಿಸುವುದು ಗೋಡೆ ಗಡಿಯಾರದ ಸೆಕೆಂಡು, ಸಿಮುಲ್‌ಎವಿಆರ್‌ನ -ಎಂ ಎಣಿಸುವುದು ಚಿಪ್‌ನೊಳಗಿನ ಕಾಲ. ವಿಳಂಬದ ಸುತ್ತಿನಲ್ಲಿ ಸುತ್ತುತ್ತಿರುವ ಚಿಪ್ಪನ್ನು ಸಿಮ್‌ಎವಿಆರ್ ನಿಮ್ಮ ಕಂಪ್ಯೂಟರಿನ ಶಕ್ತಿ ಇದ್ದಷ್ಟು ವೇಗವಾಗಿ ಓಡಿಸುತ್ತದೆ. ಅದೇ ಚಿಪ್ ಇಂಟರಪ್ಟ್‌ಗೆ ಕಾಯುತ್ತ ಸ್ಲೀಪ್‌ನಲ್ಲಿದ್ದರೆ, ಆ ನಿದ್ದೆಯ ಅವಧಿಯಷ್ಟು ತಾನೂ ನಿಜವಾಗಿ ಮಲಗುತ್ತದೆ. ನಿಮ್ಮ ಕೋಡ್ ಹೆಚ್ಚಾಗಿ ಮಲಗುವ ಜಾತಿಯದಾದರೆ 30 ಸೆಕೆಂಡಿನ ಪರೀಕ್ಷೆಗೆ ಸುಮಾರು 30 ಸೆಕೆಂಡೇ ಹಿಡಿಯುತ್ತದೆ. ಟೈಮ್‌ಔಟ್‌ನಲ್ಲಿ 60 ಇಡಿ. ಅದು ಅಳತೆಗೋಲಲ್ಲ, ಕೆಟ್ಟು ಕೂತಾಗ ಎಬ್ಬಿಸುವ ದೊಣ್ಣೆಯಷ್ಟೇ.

ತೆರೆನೋಟ ಬರೆದದ್ದು:

ವಿಸಿಡಿಯ ಪ್ರಸ್ತಾಪ ಬಂದುದರಿಂದ ನನ್ನ ಸಂಕಷ್ಟವನ್ನೂ ಇಲ್ಲೇ ಕೇಳಿಬಿಡುತ್ತೇನೆ. -ಓ ಕೊಟ್ಟು ಫೈಲಿನ ಹೆಸರು ಹೇಳಿದ್ದೇನೆ. -ಎಟಿ ಆಯ್ಕೆಗೆ ಹೆಸರು, ಬಗೆ, ವಿಳಾಸ, ಮಾಸ್ಕ್ (ಯಾವ ಬಿಟ್‌ಗಳು ಬೇಕೆಂಬ ಗುರುತು) ನಾಲ್ಕನ್ನೂ ಕೊಟ್ಟಿದ್ದೇನೆ. ಪೋರ್ಟ್ ಬಿ ರಿಜಿಸ್ಟರ್‌ನ ವಿಳಾಸ ಡೇಟಾಶೀಟ್‌ನಲ್ಲಿ ಹೆಕ್ಸ್ 05 ಎಂದಿದೆ, ಅದನ್ನೇ ಹಾಕಿದ್ದೇನೆ. ಎಲ್‌ಇಡಿ ಮಿನುಗುತ್ತಿರುವುದು ಬೇರೆ ರೀತಿಯಿಂದ ಖಚಿತವಾಗಿದೆ, ಆದರೆ ಅಲೆಯ ಚಿತ್ರ ಬಾರದು.

ಗಡಿಯಾರಮುಳ್ಳು ಬರೆದದ್ದು:

ಡೇಟಾಶೀಟಿನ ಆ ಸಾಲನ್ನು ಇನ್ನೊಮ್ಮೆ ನೋಡಿ. ಹೆಕ್ಸ್ 05ರ ಪಕ್ಕದಲ್ಲೇ ಕಂಸದೊಳಗೆ ಹೆಕ್ಸ್ 25 ಎಂದೂ ಮುದ್ರಿಸಿರುತ್ತಾರೆ. ಮೊದಲನೆಯದು ಇನ್ ಮತ್ತು ಔಟ್ ಆದೇಶಗಳು ಬಳಸುವ ಐಒ ವಿಳಾಸ, ಕಂಸದಲ್ಲಿರುವುದು ಡೇಟಾ ಮೆಮೊರಿಯ ವಿಳಾಸ, ಎರಡರ ನಡುವಿನ ವ್ಯತ್ಯಾಸ ಯಾವಾಗಲೂ ಹೆಕ್ಸ್ 20. ಈ ಚಿಪ್‌ನಲ್ಲಿ ಡೇಟಾ ಮೆಮೊರಿಯ ಮೊದಲ 32 ಜಾಗಗಳಲ್ಲಿ ಕೂರುವುದು ಆರ್0 ಇಂದ ಆರ್31ರವರೆಗಿನ ಸಾಮಾನ್ಯ ರಿಜಿಸ್ಟರ್‌ಗಳು. ನೀವು ಹೆಕ್ಸ್ 05 ಎಂದಾಗ ಕೇಳಿದ್ದು ಆರ್5 ಎಂಬ ರಿಜಿಸ್ಟರನ್ನು, ಪೋರ್ಟನ್ನಲ್ಲ. ಸಿಮ್‌ಎವಿಆರ್‌ಗೆ ಬೇಕಾದದ್ದು ಕಂಸದೊಳಗಿನ ವಿಳಾಸ.

ಐದನೆಯ ಪಿನ್ನಿಗೆ ಮಾಸ್ಕ್ ಹೆಕ್ಸ್ 20. ಹಾಗಾಗಿ ಎಲ್‌ಇಡಿ ಎಂಬ ಹೆಸರು, ಸಮ ಚಿಹ್ನೆ, ಟ್ರೇಸ್ ಎಂಬ ಬಗೆ, ಅಟ್ ಚಿಹ್ನೆ, ಹೆಕ್ಸ್ 25, ಓರೆಗೆರೆ, ಹೆಕ್ಸ್ 20: ಇಷ್ಟನ್ನೂ ನಡುವೆ ಖಾಲಿ ಜಾಗ ಬಿಡದೆ ಒಂದೇ ಪದವಾಗಿ ಬರೆಯಿರಿ. ಇಡೀ ಬೈಟ್ ಬೇಕೆಂದರೆ ಮಾಸ್ಕ್ ಹೆಕ್ಸ್ ಎಫ್‌ಎಫ್. ಹಾಗೆಯೇ ಈ ಬಗೆಯ ಟ್ರೇಸ್‌ಗೂ ಬರೀ -ಟಿ ಕೊಡುವ ಟ್ರೇಸ್‌ಗೂ ಸಂಬಂಧವಿಲ್ಲ. -ಟಿ ಪ್ರತಿ ಆದೇಶವನ್ನೂ ಬಿಡಿಸಿ ಮುದ್ರಿಸುವಂಥದ್ದು, ಸಿಮ್‌ಎವಿಆರನ್ನು ಕಟ್ಟುವಾಗಲೇ ಟ್ರೇಸ್ ಸೌಲಭ್ಯ ಸೇರಿಸಿ ಕಟ್ಟಿದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ.

ತೆರೆನೋಟ ಬರೆದದ್ದು:

ಬಂತು! ಕಂಸದೊಳಗಿನ ಸಂಖ್ಯೆ ಯಾವುದೋ ಹಳೆಯ ಚಿಪ್‌ನದಿರಬೇಕೆಂದು ಇಷ್ಟು ದಿನ ಕಣ್ಣು ಹಾಯಿಸದೆ ಬಿಟ್ಟಿದ್ದೆ.

ಇನ್ನೊಂದು ಚಿಕ್ಕ ಪ್ರಶ್ನೆ. ಇಇಪ್ರಾಮ್‌ನಲ್ಲಿ (ವಿದ್ಯುತ್ ಹೋದರೂ ಉಳಿಯುವ ಮೆಮೊರಿ) ಮೊದಲೇ ಕೆಲವು ಮೌಲ್ಯಗಳಿರಬೇಕು. -ಇಇ ಮುಂದೆ ಇಇಪಿ ಎಂಬ ವಿಸ್ತರಣೆಯ ಫೈಲ್ ಕೊಟ್ಟರೆ ಲೋಡ್ ಮಾಡಲಾಗಲಿಲ್ಲ ಎನ್ನುತ್ತಿದೆ.

ಓದುಗ51 ಬರೆದದ್ದು:

ಫೈಲಿನ ಹೆಸರನ್ನು ಹೆಕ್ಸ್ ಎಂಬ ವಿಸ್ತರಣೆಗೆ ಬದಲಿಸಿ. ಇಇಪಿ ಫೈಲಿನ ಒಳಗಿರುವುದೂ ಇಂಟೆಲ್ ಹೆಕ್ಸ್ ಸಾಲುಗಳೇ, ಆದರೆ ಸಿಮ್‌ಎವಿಆರ್ ವಿಸ್ತರಣೆಯನ್ನು ನೋಡಿ ನಿರ್ಧರಿಸುತ್ತದೆ. ಹೆಕ್ಸ್ ಎಂದು ಕಾಣದಿದ್ದರೆ ಇಎಲ್‌ಎಫ್ ಎಂದುಕೊಂಡು ಓದಲು ಹೋಗಿ ಮುಗ್ಗರಿಸುತ್ತದೆ. -ಇಇ ಮತ್ತು ಫ್ಲ್ಯಾಶ್‌ಗಾಗಿ ಇರುವ -ಎಫ್‌ಎಫ್ ಎರಡೂ ತಮ್ಮ ಮುಂದಿನ ಫೈಲಿಗೆ ಅನ್ವಯಿಸುತ್ತವೆ, ಆದ್ದರಿಂದ ಅವುಗಳ ಕ್ರಮವನ್ನು ಅದಲುಬದಲು ಮಾಡಬೇಡಿ.

ಬೆರಳಚ್ಚು32 ಬರೆದದ್ದು:

ಇಷ್ಟೆಲ್ಲ ಹಳ್ಳಕೊಳ್ಳಗಳನ್ನು ಓದುವಾಗ, ಹಲವು ಬಗೆಯ ಪ್ರೊಸೆಸರುಗಳನ್ನು ಅನುಕರಿಸುವ ಕ್ಯೂಎಮುವನ್ನು ಎಲ್ಲರೂ ಏಕೆ ಬಳಸಬಾರದು ಎನಿಸುತ್ತದೆ. 2020ರಲ್ಲಿ ಬಂದ 5.1ನೆಯ ಆವೃತ್ತಿಯಿಂದ ಅದರಲ್ಲಿ ಎವಿಆರ್ ಕೂಡ ಇದೆ. ದೊಡ್ಡಕ್ಷರದ -ಎಂ ಮುಂದೆ ಊನೋ ಎಂದರೆ ಬೋರ್ಡೇ ಸಿಗುತ್ತದೆ, ವೇಗ ಬೋರ್ಡಿನ ಜೊತೆಗೇ ಬರುತ್ತದೆ. ಇಎಲ್‌ಎಫ್ ಫೈಲನ್ನು -ಬಯೋಸ್ ಮುಂದೆ ಕೊಟ್ಟು, -ನೋಗ್ರಾಫಿಕ್ ಸೇರಿಸಿದರೆ ಸೀರಿಯಲ್ ನೇರ ಟರ್ಮಿನಲ್‌ಗೆ ಬರುತ್ತದೆ. ಡಿಬಗರ್‌ಗೆ ಚಿಕ್ಕ -ಎಸ್, ಮೊದಲ ಆದೇಶದಲ್ಲೇ ನಿಂತು ಕಾಯಬೇಕೆಂದರೆ ದೊಡ್ಡ -ಎಸ್.

ಗಡಿಯಾರಮುಳ್ಳು ಬರೆದದ್ದು:

ಕ್ಯೂಎಮು ಬಗ್ಗೆ ನನಗೆ ಗೌರವವಿದೆ, ಆದರೆ ಅದು ಸೈಕಲ್ ಎಣಿಸುವ ಸಿಮ್ಯುಲೇಟರ್ ಅಲ್ಲ. -ಐಕೌಂಟ್ ಆಯ್ಕೆಯಲ್ಲಿ ಶಿಫ್ಟ್ ಎಂದು ಒಂದು ಸಂಖ್ಯೆ ಕೊಟ್ಟರೆ, ಪ್ರತಿ ಆದೇಶಕ್ಕೂ ಎರಡರ ಅಷ್ಟನೆಯ ಘಾತದಷ್ಟು ನ್ಯಾನೋಸೆಕೆಂಡು ಎಂದು ಹಿಡಿಯುತ್ತದೆ. ಶಿಫ್ಟ್ 6 ಎಂದರೆ ಆದೇಶಕ್ಕೆ 64 ನ್ಯಾನೋಸೆಕೆಂಡು, 62.5ಕ್ಕೆ ಹತ್ತಿರವೇ. ಆದರೆ ಎವಿಆರ್‌ನಲ್ಲಿ ಕೂಡುವುದಕ್ಕೆ ಒಂದು ಸೈಕಲ್, ಗುಣಿಸುವುದಕ್ಕೆ ಎರಡು, ಫಂಕ್ಷನ್ನಿನಿಂದ ಮರಳುವುದಕ್ಕೆ ನಾಲ್ಕು. ಕ್ಯೂಎಮುಗೆ ಇವೆಲ್ಲ ಒಂದೇ ತೂಕ. ಎಂಟುಬಿಟ್ ಅವರ ಹಾಗೆ ಅಂಚುಗಳ ಅಂತರ ಅಳೆಯುವವರಿಗೆ ಇದು ಸಾಲದು. ಎವಿಆರ್ ಬೋರ್ಡುಗಳ ಮಟ್ಟಿಗೆ ಅದರಲ್ಲಿರುವ ಪೆರಿಫೆರಲ್‌ಗಳೂ ಸೀರಿಯಲ್, 16 ಬಿಟ್ ಟೈಮರ್‌ಗಳಂಥ ಕೆಲವೇ.

ಬೆರಳಚ್ಚು32 ಬರೆದದ್ದು:

ಎವಿಆರ್ ಮಟ್ಟಿಗೆ ಒಪ್ಪಿದೆ. 32 ಬಿಟ್ ಆರ್ಮ್ ಬಗೆಯ ಕಾರ್ಟೆಕ್ಸ್ ಎಂ ಚಿಪ್‌ಗಳಿಗೆ ಮಾತ್ರ ನನ್ನ ಮಾತನ್ನು ಹಿಂತೆಗೆದುಕೊಳ್ಳುವುದಿಲ್ಲ. ಅಲ್ಲಿ ಫೈಲನ್ನು -ಕರ್ನೆಲ್ ಮುಂದೆ ಕೊಡಬೇಕು. ರಾತ್ರಿಪಾಳಿ ಅವರು ಕೇಳಿದ ನಿಲ್ಲಿಸುವ ಪ್ರಶ್ನೆಗೆ ಅಲ್ಲಿ ಸೆಮಿಹೋಸ್ಟಿಂಗ್ (ಫರ್ಮ್‌ವೇರ್ ತನ್ನನ್ನು ಓಡಿಸುತ್ತಿರುವ ಕಂಪ್ಯೂಟರಿನ ಸೇವೆ ಕೇಳುವ ವ್ಯವಸ್ಥೆ) ಎಂಬ ಅಚ್ಚುಕಟ್ಟಾದ ಉತ್ತರವಿದೆ. ಸೆಮಿಹೋಸ್ಟಿಂಗ್ ಕಾನ್ಫಿಗ್ ಆಯ್ಕೆಯಲ್ಲಿ ಎನೇಬಲ್ ಆನ್ ಎಂದರೆ, ಫರ್ಮ್‌ವೇರ್ ತಾನೇ ನಿರ್ಗಮನದ ಕರೆ ಕೊಟ್ಟು ಕ್ಯೂಎಮುವನ್ನು ಮುಗಿಸಬಹುದು, ಪಾಸೋ ನಪಾಸೋ ಎಂಬುದು ನಿರ್ಗಮನ ಸಂಕೇತವಾಗಿಯೇ ಶೆಲ್ಲಿಗೆ ಸಿಗುತ್ತದೆ. 32 ಬಿಟ್ ಆರ್ಮ್‌ನಲ್ಲಿ ಸಾದಾ ನಿರ್ಗಮನದ ಕರೆಯಿಂದ 0 ಅಥವಾ 1 ಮಾತ್ರ ಬರುತ್ತದೆ, ಬೇರೆ ಸಂಖ್ಯೆ ಬೇಕಾದವರು ವಿಸ್ತೃತ ಕರೆಯನ್ನು ಬಳಸಬೇಕು. ಆ ಆಯ್ಕೆಯನ್ನು ಕೊಡಲು ಮರೆತರೆ, ಸೆಮಿಹೋಸ್ಟಿಂಗ್‌ನ ಬ್ರೇಕ್‌ಪಾಯಿಂಟ್ ಆದೇಶ ಹಾರ್ಡ್‌ಫಾಲ್ಟ್ ಎಂಬ ಗಂಭೀರ ದೋಷವಾಗಿ ತಿರುಗುತ್ತದೆ, ನಾವು ಸ್ಟ್ಯಾಕ್ ಕೆಟ್ಟಿತೇನೋ ಎಂದು ಹುಡುಕುತ್ತ ಕೂರುತ್ತೇವೆ. ಇದು ನನ್ನ ಸ್ವಂತ ಅನುಭವ.

ರಾತ್ರಿಪಾಳಿ ಬರೆದದ್ದು:

ನಿರ್ಗಮನ ಸಂಕೇತದ ವಿಷಯದಲ್ಲಿ ಕ್ಯೂಎಮು ಮೇಲು, ಒಪ್ಪಿಕೊಳ್ಳುತ್ತೇನೆ. ಎರಡನ್ನೂ ಬಳಸುವವರು ಗಮನಿಸಬೇಕಾದ ಒಂದು ಸಂಗತಿ: ಕ್ಯೂಎಮುವಿನ ಚಿಕ್ಕ -ಎಸ್ ತೆರೆಯುವುದೂ 1234ನೆಯ ಪೋರ್ಟನ್ನೇ. ಎರಡನ್ನೂ ಏಕಕಾಲಕ್ಕೆ ಡಿಬಗರ್ ಸಮೇತ ಓಡಿಸಿದರೆ ಎರಡನೆಯದಕ್ಕೆ ಪೋರ್ಟ್ ಸಿಗುವುದಿಲ್ಲ. ಸಿಮ್‌ಎವಿಆರ್‌ನ -ಜಿ ಮುಂದೆ ಬೇರೆ ಸಂಖ್ಯೆ ಕೊಟ್ಟುಬಿಡಿ. ಹಾಗೆಯೇ -ಜಿ ಕೊಟ್ಟಾಗ ಚಿಪ್ ಮೊದಲ ಆದೇಶಕ್ಕೂ ಮುಂಚೆಯೇ ನಿಂತು ಜಿಡಿಬಿ ಎಂಬ ಡಿಬಗರ್‌ಗಾಗಿ ಕಾಯುತ್ತದೆ. ಅದು ಕೆಟ್ಟು ಕೂತದ್ದಲ್ಲ.

ಇನ್ನು ಗಡಿಯಾರಮುಳ್ಳು ಅವರು ಹೇಳಿದ ಎಂಎಂಸಿಯು ಸೆಕ್ಷನ್ ವಿಷಯದಲ್ಲಿ ನನ್ನದೊಂದು ಭಿನ್ನಾಭಿಪ್ರಾಯವಿದೆ. ಬೋರ್ಡಿಗೆ ಹೋಗುವ ಫರ್ಮ್‌ವೇರಿನಲ್ಲಿ ಸಿಮ್ಯುಲೇಟರಿನ ಹೆಡರ್ ಸೇರಿಸುವುದು ನನಗೆ ಒಗ್ಗುವುದಿಲ್ಲ. ವೇಗವನ್ನು ಮೇಕ್‌ಫೈಲ್‌ನಲ್ಲಿ ಒಂದೇ ಕಡೆ ಬರೆದು, ಅದೇ ವೇರಿಯೇಬಲ್ಲನ್ನು ಕಂಪೈಲರ್‌ನ ಎಫ್‌ಸಿಪಿಯುಗೂ ಸಿಮ್‌ಎವಿಆರ್‌ನ -ಎಫ್‌ಗೂ ಕೊಟ್ಟರೆ ಎರಡೂ ಬೇರೆ ಬೇರೆಯಾಗಲು ದಾರಿಯೇ ಇರುವುದಿಲ್ಲ.

ಗಡಿಯಾರಮುಳ್ಳು ಬರೆದದ್ದು:

ಆ ಸೆಕ್ಷನ್ ಫ್ಲ್ಯಾಶ್‌ಗೆ ಹೋಗುವುದಿಲ್ಲ. ಅದರ ವಿಳಾಸವೇ ಫ್ಲ್ಯಾಶ್‌ನ ಆಚೆ, ಹೆಕ್ಸ್ 910000ದಲ್ಲಿ ಇಡುವಂತೆ ಲಿಂಕರ್‌ಗೆ ಹೇಳುತ್ತೇವೆ. ಫೈಲಿನ ರೂಪ ಬದಲಿಸುವ ಆಬ್ಜ್‌ಕಾಪಿಯಲ್ಲಿ ಟೆಕ್ಸ್ಟ್ ಮತ್ತು ಡೇಟಾ ಸೆಕ್ಷನ್‌ಗಳನ್ನು ಮಾತ್ರ ಆರಿಸಿ ಹೆಕ್ಸ್ ತೆಗೆದರೆ ಅದರ ಸುಳಿವೂ ಉಳಿಯುವುದಿಲ್ಲ. ಆದರೂ ಒಂದೇ ವೇರಿಯೇಬಲ್ಲಿನ ನಿಮ್ಮ ಉಪಾಯ ಹೆಚ್ಚು ಸರಳ. ಬೇರೆಯವರ ಕೋಡನ್ನು ಮುಟ್ಟದೆ ಓಡಿಸಬೇಕಾದಾಗ ಅದೊಂದೇ ದಾರಿ ಕೂಡ. ಇಎಲ್‌ಎಫ್ ಫೈಲನ್ನು ಇನ್ನೊಬ್ಬರ ಕೈಗೆ ಕೊಡುವಾಗ ಮಾತ್ರ ನಾನು ಸೆಕ್ಷನ್ನಿನ ಪಕ್ಷ, ಏಕೆಂದರೆ ಅವರ ಬಳಿ ನಿಮ್ಮ ಮೇಕ್‌ಫೈಲ್ ಇರುವುದಿಲ್ಲ.

ಎಂಟುಬಿಟ್ ಬರೆದದ್ದು:

ಎಲ್ಲರ ಮಾತನ್ನೂ ಜೋಡಿಸಿಕೊಂಡು ಮೇಕ್‌ಫೈಲ್‌ಗೆ ಒಂದು ಹೊಸ ಗುರಿ ಸೇರಿಸಿದೆ. ಮೊದಲು ಟೈಮ್‌ಔಟ್ 60, ಬಳಿಕ ಸಿಮ್‌ಎವಿಆರ್, ಉದ್ದ ಹೆಸರಿನ ಎಂಸಿಯು ಮತ್ತು ಫ್ರೀಕ್ ಆಯ್ಕೆಗಳು, ಎರಡಕ್ಕೂ ಕಂಪೈಲರ್ ಬಳಸುವ ಅದೇ ವೇರಿಯೇಬಲ್‌ಗಳು, ಆಮೇಲೆ ಔಟ್‌ಪುಟ್ ಫೈಲು, ಹೆಕ್ಸ್ 25ರ ಟ್ರೇಸ್, ಕೊನೆಗೆ ಇಎಲ್‌ಎಫ್. ಫರ್ಮ್‌ವೇರಿನ ಪರೀಕ್ಷಾ ರೂಪದಲ್ಲಿ ಇಂಟರಪ್ಟ್ ಮುಚ್ಚಿ ಮಲಗುವ ಎರಡು ಸಾಲು ಸೇರಿಸಿದ್ದೇನೆ. ಹಳೆತಂತಿ ಅವರ ಕಥೆ ಓದಿದ ಮೇಲೆ, ಬೇಕೆಂದೇ ಒಂದು ಸಾಲು ಕೆಡಿಸಿ ಓಡಿಸಿ, ಅದು ನಪಾಸಾಗುವುದನ್ನು ನೋಡಿ, ಮತ್ತೆ ಸರಿಪಡಿಸಿದೆ.

ಜಿಟಿಕೆವೇವ್‌ನಲ್ಲಿ ಈಗ ಅಂಚಿನಿಂದ ಅಂಚಿಗೆ 500 ಮಿಲಿಸೆಕೆಂಡಿಗಿಂತ ಹೆಚ್ಚಿರುವುದು ಒಂದು ಮೈಕ್ರೋಸೆಕೆಂಡಿಗೂ ಕಡಿಮೆ. ಆ ಹೆಚ್ಚುವರಿ ಪಿನ್ ಬದಲಿಸಿ ಸುತ್ತಿನ ಆರಂಭಕ್ಕೆ ಹಾರುವ ಆದೇಶಗಳದು ಎಂದು ಡಿಸ್‌ಅಸೆಂಬ್ಲಿ ತೆಗೆದು ಎಣಿಸಿ ನೋಡಿದೆ, ಲೆಕ್ಕ ಕೂಡಿತು. ಈ ಎಳೆಯನ್ನು ಬಗೆಹರಿದದ್ದು ಎಂದು ಗುರುತಿಸುತ್ತಿದ್ದೇನೆ.